ಬಿಡಿಸಲು ಬಂದವರೇ ಹಿಡಿಸಿದವರು



ದೆವ್ವದ ಕಥೆಗೆ ನಮ್ಮಲ್ಲಿ ಒಂದು ಗೊತ್ತಾದ ಕ್ರಮ ಇದೆ. ಊರು ತನ್ನ ಪಾಡಿಗೆ ತಾನಿರುತ್ತದೆ. ಹುಣಸೆಮರದಿಂದಲೋ ಹಾಳುಬಾವಿಯಿಂದಲೋ ಏನೋ ಒಂದು ಬಂದು ಯಾರನ್ನಾದರೂ ಹಿಡಿಯುತ್ತದೆ. ಹೆಚ್ಚಾಗಿ ಹೊಸದಾಗಿ ಮದುವೆಯಾದ ಹುಡುಗಿಯನ್ನು. ಮಂತ್ರವಾದಿ ಬರುತ್ತಾನೆ. ಬೇವಿನ ಸೊಪ್ಪಿನ ಏಟು, ಒಣಮೆಣಸಿನಕಾಯಿ ಹೊಗೆ, ಕುಂಕುಮ ಹಚ್ಚಿದ ನಿಂಬೆಹಣ್ಣು ಎಲ್ಲ ಆಗುತ್ತದೆ, ಬಂದದ್ದು ಬಿಟ್ಟುಹೋಗುತ್ತದೆ. ಮಂತ್ರವಾದಿ ಕಾಣಿಕೆ ತೆಗೆದುಕೊಂಡು ಹೊರಡುತ್ತಾನೆ. ಆ ಹುಡುಗಿಗೆ ನಿಜವಾಗಿ ಏನಾಗಿತ್ತು ಎಂದು ಊರು ಕೇಳುವುದಿಲ್ಲ. ಕಥೆಯೂ ಕೇಳುವುದಿಲ್ಲ.

ಈಚೆಗೆ ಅಮೆರಿಕದ ಸಲಿಂಗಿ ಮತ್ತು ಲಿಂಗಾಂತರಿ ಲೇಖಕರು ಬರೆಯುತ್ತಿರುವ ಭಯಾನಕ ಕಾದಂಬರಿಗಳು ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹೊರಟಿವೆ. ಅವುಗಳಲ್ಲಿ ಹಲವು ನಡೆಯುವುದು ಹೊರಗಿನವರಿಗೆ ಬಾಗಿಲು ಹಾಕಿಕೊಂಡ ಊರುಗಳಲ್ಲಿ, ಒಂದೇ ಚರ್ಚು, ಒಂದೇ ಮಾತು, ಎಲ್ಲರಿಗೂ ಎಲ್ಲರೂ ಗೊತ್ತು ಎನ್ನುವಂಥ ಕಡೆ. ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಬಂದ ‘ಕ್ಯಾಂಪ್ ಡಮಾಸ್ಕಸ್’ ಎಂಬ ಕಾದಂಬರಿ. ಬರೆದವರು ಚಕ್ ಟಿಂಗಲ್. ಇದು ಕಾವ್ಯನಾಮ, ಈ ಮನುಷ್ಯ ಸಭೆಗೆ ಬಂದರೂ ತಲೆಗೆ ಗುಲಾಬಿ ಬಣ್ಣದ ಚೀಲ ಹಾಕಿಕೊಂಡೇ ಬರುತ್ತಾರೆ.

ಕಥೆಯ ಊರು ಮೊಂಟಾನಾ ರಾಜ್ಯದಲ್ಲಿದೆ. ರೋಸ್ ಎಂಬ ಇಪ್ಪತ್ತು ವರ್ಷದ ಹುಡುಗಿ, ದೈವಭಕ್ತೆ, ತಂದೆತಾಯಿಯ ಮಾತು ಮೀರದವಳು. ಇದ್ದಕ್ಕಿದ್ದಂತೆ ಅವಳ ಬಾಯಿಂದ ನೊಣದಂಥ ಹುಳುಗಳು ಬರತೊಡಗುತ್ತವೆ. ಗೆಳತಿಯೊಬ್ಬಳ ಮೇಲೆ ಮನಸ್ಸು ಸ್ವಲ್ಪ ವಾಲಿದರೆ ಸಾಕು, ಬಿಳಿಚಿಕೊಂಡ ಹೆಂಗಸೊಂದು ಮೂಲೆಯಲ್ಲಿ ನಿಂತಿರುತ್ತದೆ. ಅದರ ಮೈಮೇಲೆ ಅಂಗಡಿ ನೌಕರರು ಹಾಕಿಕೊಳ್ಳುವಂಥ ಕೆಂಪು ಟೀ-ಶರ್ಟು, ಎದೆಗೆ ಹೆಸರಿನ ಚೀಟಿ. ನನಗೆ ಇಡೀ ಪುಸ್ತಕದಲ್ಲಿ ಅತ್ಯಂತ ಹೆದರಿಕೆ ಹುಟ್ಟಿಸಿದ್ದು ಆ ಚೀಟಿ. ದೆವ್ವಕ್ಕೆ ಸಮವಸ್ತ್ರ ಇದೆ ಎಂದರೆ ಅದಕ್ಕೆ ಯಜಮಾನನೂ ಇರಬೇಕಲ್ಲ! ಊರಾಚೆ ಚರ್ಚಿನವರದೇ ಒಂದು ಶಿಬಿರ ಇದೆ, ಸಲಿಂಗಿ ಮಕ್ಕಳನ್ನು ‘ಸರಿಪಡಿಸುವ’ ಶಿಬಿರ. ಅಲ್ಲಿಗೆ ಹೋದವರಲ್ಲಿ ನೂರಕ್ಕೆ ನೂರು ಮಂದಿ ಸರಿಹೋಗುತ್ತಾರೆ ಎಂದು ಜಾಹೀರಾತು. ಮುಂದೆ ಓದಬೇಕೆಂದಿರುವವರು ಕ್ಷಮಿಸಬೇಕು, ಗುಟ್ಟು ಹೇಳಿಬಿಡುತ್ತೇನೆ: ಆ ದೆವ್ವಗಳನ್ನು ಮಕ್ಕಳ ಬೆನ್ನಿಗೆ ಕಟ್ಟಿದವರು ಶಿಬಿರದವರೇ. ಪ್ರೀತಿ ಹುಟ್ಟಿದಾಗಲೆಲ್ಲ ಹೆದರಿಸಬೇಕು, ಅದೇ ಅವುಗಳ ಕೆಲಸ. ಬಿಡಿಸುತ್ತೇವೆ ಎಂದವರೇ ಹಿಡಿಸಿದವರು.

ಇದು ಕಾದಂಬರಿ. ಆದರೆ ಇಂಥ ಶಿಬಿರಗಳ ಮೂಲ ಹುಡುಕಿಕೊಂಡು ಮೊಂಟಾನಾದ ಗುಡ್ಡಗಾಡಿಗೆ ಹೋಗಬೇಕಾಗಿಲ್ಲ. ನಾನಿರುವ ಈ ಬೇ ಏರಿಯಾದಲ್ಲೇ, ಸ್ಯಾನ್ ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಸ್ಯಾನ್ ರಫೇಲ್ ಎಂಬ ಊರು ಸಿಗುತ್ತದೆ. ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ನೀಲಿ ಸೂರಿನ ಸರ್ಕಾರಿ ಕಟ್ಟಡ ನೋಡಲು ನಾವು ನೆಂಟರನ್ನು ಕರೆದುಕೊಂಡು ಹೋಗುತ್ತೇವಲ್ಲ, ಅದೇ ಊರು. 1973ರಲ್ಲಿ ಇಲ್ಲಿ ‘ಲವ್ ಇನ್ ಆ್ಯಕ್ಷನ್’ ಎಂಬ ಕ್ರೈಸ್ತ ಸಂಸ್ಥೆ ಶುರುವಾಯಿತು. ಪ್ರಾರ್ಥನೆಯಿಂದ, ಕಟ್ಟುನಿಟ್ಟಿನಿಂದ ಸಲಿಂಗಿಗಳನ್ನು ಬದಲಾಯಿಸಬಹುದು ಎಂದು ಹೊರಟ ಮೊಟ್ಟಮೊದಲ ಸಂಸ್ಥೆಗಳಲ್ಲಿ ಒಂದು ಇದು. ಕಟ್ಟಿದವರು ಫ್ರ್ಯಾಂಕ್ ವರ್ದನ್, ಅವರೊಡನೆ ಪಾಸ್ಟರ್ ಕೆಂಟ್ ಫಿಲ್‌ಪಾಟ್ ಮತ್ತು ಜಾನ್ ಇವಾನ್ಸ್. ವರ್ದನ್ ಸ್ವತಃ ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿ ವಲಯದಲ್ಲಿ ವರ್ಷಗಟ್ಟಲೆ ಬಾಳಿದ್ದ ವ್ಯಾಪಾರಿ. ಅವರು ಮೊದಲು ಮಾಡಿದ ಕೆಲಸ ರೇಡಿಯೊ ಕೇಳುವವರಿಗೆ ಚೆನ್ನಾಗಿ ಅರ್ಥವಾಗುವಂಥದು: ತಮ್ಮ ಬದುಕಿನ ಕಥೆಯನ್ನು ಕ್ಯಾಸೆಟ್ಟಿನಲ್ಲಿ ಹೇಳಿ, ಬರ್ಕಲಿಯ ಕ್ರಾಂತಿಕಾರಿ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟು, ಕೇಳಿದವರಿಗೆ ಅಂಚೆಯಲ್ಲಿ ಕಳಿಸಿದರು. ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕೂತು ಹೆದರಿಕೊಂಡವನಿಗೆ ಒಂದು ಮೆದುವಾದ ದನಿ ಬಂದು ಮುಟ್ಟುವುದು ಎಂದರೆ ಸಣ್ಣದಲ್ಲ.

ಆಮೇಲೆ ವಸತಿ ಬಂತು. ಗಂಡಸರು ಒಟ್ಟಿಗೆ ಇರಬೇಕು, ಒಟ್ಟಿಗೆ ಪ್ರಾರ್ಥಿಸಬೇಕು, ಒಬ್ಬರ ಮೇಲೊಬ್ಬರು ಕಣ್ಣಿಡಬೇಕು. ದೂರದ ರಾಜ್ಯಗಳ ಸಣ್ಣಪುಟ್ಟ ಊರಿನ ಚರ್ಚುಗಳಿಂದ ಹುಡುಗರು ಬಂದರು. ಲೋಕದ ಸಲಿಂಗಿಗಳೆಲ್ಲ ಸ್ವಾತಂತ್ರ್ಯ ಹುಡುಕಿಕೊಂಡು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಬೀದಿಗೆ ಬರುತ್ತಿದ್ದ ಕಾಲದಲ್ಲಿ, ಅಲ್ಲಿಂದ ಮೂವತ್ತು ಕಿಲೋಮೀಟರ್ ಕೂಡ ಇಲ್ಲದ ಕಡೆ, ತಾವು ಬಿಟ್ಟುಬಂದ ಹಳ್ಳಿಯನ್ನೇ ಮತ್ತೆ ಕಟ್ಟಿಕೊಂಡು ಕೂತವರೂ ಇದ್ದರು.

ಮುಂದಿನದನ್ನು ಬೇಗ ಹೇಳುತ್ತೇನೆ. ಇವಾನ್ಸ್, ತಮ್ಮ ಜೀವದ ಗೆಳೆಯ ಬದಲಾಗಲಾರದ ಹತಾಶೆಯಲ್ಲಿ ಪ್ರಾಣ ಕಳೆದುಕೊಂಡ ಮೇಲೆ, ಆ ದಾರಿಯನ್ನೇ ಬಿಟ್ಟು ಅದರ ವಿರೋಧಿಯಾದರು. 1976ರಲ್ಲಿ ಇಂಥ ಸಂಸ್ಥೆಗಳೆಲ್ಲ ಸೇರಿ ‘ಎಕ್ಸೋಡಸ್’ ಎಂಬ ಒಕ್ಕೂಟ ಮಾಡಿಕೊಂಡವು. 2013ರಲ್ಲಿ ಅದರ ಅಧ್ಯಕ್ಷರೇ ಕ್ಷಮೆ ಕೇಳಿ ಬಾಗಿಲು ಹಾಕಿದರು. ಲವ್ ಇನ್ ಆ್ಯಕ್ಷನ್ ತೊಂಬತ್ತರ ದಶಕದಲ್ಲಿ ಟೆನೆಸಿಯ ಮೆಂಫಿಸ್‌ಗೆ ಹೋಯಿತು. ಅಲ್ಲಿ ಬಹುಕಾಲ ಅದರ ನಿರ್ದೇಶಕರಾಗಿದ್ದ ಜಾನ್ ಸ್ಮಿಡ್ ಹೊರಬಂದ ಮೇಲೆ, ಬದಲಾದ ಒಬ್ಬ ಗಂಡಸನ್ನೂ ತಾನು ಕಂಡಿಲ್ಲ ಎಂದು ಒಪ್ಪಿಕೊಂಡು, 2014ರಲ್ಲಿ ಇನ್ನೊಬ್ಬ ಗಂಡಸನ್ನು ಮದುವೆಯಾದರು. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಸಂಪಾದಕರು ‘ಅತಿಯಾಯಿತು’ ಎಂದು ಹೊಡೆದುಹಾಕುತ್ತಿದ್ದರು.

ಮೆಂಫಿಸ್ಸಿನ ಆ ಶಿಬಿರಕ್ಕೆ 2004ರಲ್ಲಿ ಹೋಗಿಬಂದ ಗ್ಯಾರಾರ್ಡ್ ಕಾನ್ಲಿ ‘ಬಾಯ್ ಇರೇಸ್ಡ್’ ಎಂಬ ಆತ್ಮಕಥನ ಬರೆದಿದ್ದಾರೆ. ಆರ್ಕನ್ಸಾ ರಾಜ್ಯದ ಹುಡುಗ, ತಂದೆ ಬ್ಯಾಪ್ಟಿಸ್ಟ್ ಬೋಧಕ. ಒಳಗೆ ಹೋಗುವ ಮೊದಲು ಅವರ ಚೀಲ ತಪಾಸಣೆ ಮಾಡುತ್ತಾರೆ. ಫೋನು, ಪರ್ಸು ಎಲ್ಲ ಮೇಜಿನ ಮೇಲೆ. ಕೊನೆಗೆ ಒಂದು ನೋಟ್‌ಬುಕ್ಕು. ಅದರಲ್ಲಿ ಆ ಹುಡುಗ ಕಥೆ ಬರೆದುಕೊಂಡಿದ್ದ. ಅದನ್ನು ತಿರುವಿ ನೋಡಿ, ಬರೆದ ಹಾಳೆಗಳನ್ನು ಹರಿದು ತೆಗೆಯುತ್ತಾರೆ. ಬೈಗುಳವಿಲ್ಲ, ಹೊಡೆತವಿಲ್ಲ, ಕಚೇರಿಯ ಕೆಲಸದ ಹಾಗೆ ನಡೆದುಹೋಗುತ್ತದೆ. ಆ ಹುಳು, ಆ ಕೆಂಪು ಟೀ-ಶರ್ಟು ಎಲ್ಲ ಎಲ್ಲಿಂದ ಬಂದವು ಎಂದು ಕೇಳಿದರೆ ನಾನು ಈ ಮೇಜನ್ನು ತೋರಿಸುತ್ತೇನೆ. ನಡೆದದ್ದನ್ನು ನಡೆದ ಹಾಗೆ ಬರೆದರೆ ಅದು ಕಚೇರಿಯ ವರದಿಯಂತೆಯೇ ಕೇಳಿಸುತ್ತದೆ. ಒಳಗೆ ಆದದ್ದು ಎಂಥದು ಎಂದು ಹೇಳಲು ಭಯಾನಕ ರಸವೇ ಬೇಕಾಗುತ್ತದೆ.

ಈ ಸಭ್ಯತೆಯ ಭಯವನ್ನು ಕಂಡುಹಿಡಿದವರೂ ನಮ್ಮ ಕಡೆಯವರೇ ಎನ್ನಬಹುದು. ‘ನಮ್ಮ ಕಡೆ’ ಎಂದರೆ ಬೇ ಏರಿಯಾ. ಮೂವತ್ತು ವರ್ಷ ಇದ್ದ ಮೇಲೆ ಅಷ್ಟು ಸಲುಗೆ ಇರಲಿ. ಕಥೆಗಾರ್ತಿ ಶರ್ಲಿ ಜಾಕ್ಸನ್ ಹುಟ್ಟಿದ್ದು 1916ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಬೆಳೆದದ್ದು ಬರ್ಲಿಂಗೇಮಿನಲ್ಲಿ, ಬೆಂಗಳೂರಿನಿಂದ ಬಂದವರು ವಿಮಾನ ಇಳಿಯುತ್ತಾರಲ್ಲ, ಆ ನಿಲ್ದಾಣದ ಮಗ್ಗುಲಲ್ಲಿ. ಹದಿನಾರು ದಾಟಿದ ಮೇಲೆ ಸಂಸಾರ ಪೂರ್ವಕ್ಕೆ ಹೋಯಿತು. ಅವರ ಮೊದಲ ಕಾದಂಬರಿ ಇಲ್ಲಿನ ಒಂದು ಸಭ್ಯ ಬೀದಿಯ ಕಥೆ. ಅದು ಬಂದ 1948ರಲ್ಲೇ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ‘ದಿ ಲಾಟರಿ’ ಬಂತು.

ಕಾಲೇಜಿನ ಇಂಗ್ಲಿಷ್ ಪಠ್ಯದಲ್ಲಿ ನಿಮ್ಮಲ್ಲಿ ಕೆಲವರು ಇದನ್ನು ಓದಿರಬಹುದು. ಮುನ್ನೂರು ಜನರ ಹಳ್ಳಿ, ಜೂನ್ ತಿಂಗಳ ಬಿಸಿಲು. ಎಲ್ಲರೂ ಚೌಕದಲ್ಲಿ ಸೇರುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಹಳೆಯದೊಂದು ಕಪ್ಪು ಪೆಟ್ಟಿಗೆ ಬರುತ್ತದೆ. ವರ್ಷವಿಡೀ ಅದು ಒಮ್ಮೆ ಅಂಚೆ ಕಚೇರಿಯಲ್ಲಿ, ಒಮ್ಮೆ ದಿನಸಿ ಅಂಗಡಿಯ ಕಪಾಟಿನಲ್ಲಿ ಬಿದ್ದಿರುತ್ತದೆ. ಲಾಟರಿ ನಡೆಸುವ ಸಮ್ಮರ್ಸ್ ಎಂಬ ಮನುಷ್ಯ ಊರಿನ ಕುಣಿತದ ಕೂಟವನ್ನೂ ಹುಡುಗರ ಕ್ಲಬ್ಬನ್ನೂ ನಡೆಸುವವನೇ. ನಮ್ಮ ಯಾವ ಸಂಘ ನೋಡಿದರೂ ಇಂಥವರೊಬ್ಬರು ಇರುತ್ತಾರೆ: ಬಿಡುವು, ಉತ್ಸಾಹ ಎರಡೂ ಇರುವವರು. ಕಪ್ಪು ಚುಕ್ಕೆಯ ಚೀಟಿ ಯಾರಿಗೆ ಬಂತೋ ಅವರನ್ನು ಕಲ್ಲು ಹೊಡೆದು ಕೊಲ್ಲುವುದು ಪದ್ಧತಿ. ಚೀಟಿ ಟೆಸ್ಸಿ ಎಂಬ ಗೃಹಿಣಿಗೆ ಬರುತ್ತದೆ. ಆಗ ಯಾರೋ ಅವಳ ಪುಟ್ಟ ಮಗನ ಕೈಗೂ ಒಂದಷ್ಟು ಸಣ್ಣ ಕಲ್ಲು ಕೊಡುತ್ತಾರೆ. ಈ ಒಂದು ವಾಕ್ಯಕ್ಕಾಗಿ ನಾನು ಜಾಕ್ಸನ್ನರ ಮುಂದೆ ತಲೆಬಾಗುತ್ತೇನೆ. ಮಗುವಿಗೆ ಕಲ್ಲು ಕೊಟ್ಟ ಕೈ ಕ್ರೂರವಲ್ಲ, ಪ್ರೀತಿಯದೇ. ಹಬ್ಬದಲ್ಲಿ ಮಗು ಹಿಂದೆ ಬೀಳಬಾರದಲ್ಲ!

ಕಥೆ ಓದಿದವರು ಆ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಾಗದ ಬರೆದರು. ಬೈದವರು ಕೆಲವರು, ಈ ಆಚರಣೆ ಎಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ಕೇಳಿದವರು ಕೆಲವರು. ಸಲಿಂಗ ಪ್ರೇಮದ ವಿಷಯಕ್ಕೆ ಬಂದರೆ ಜಾಕ್ಸನ್ ಅಷ್ಟೇನೂ ನೆಮ್ಮದಿಯಿಂದ ಇದ್ದವರಲ್ಲ. ತಮ್ಮ ಕಾದಂಬರಿಯೊಂದನ್ನು ಸ್ತ್ರೀ-ಸಲಿಂಗ ಸಾಹಿತ್ಯದ ಪಟ್ಟಿಗೆ ಸೇರಿಸಿದ್ದು ತಿಳಿದು ಕಸಿವಿಸಿಪಟ್ಟರು. ಆದರೂ 1959ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ನಲ್ಲಿ ಥಿಯೊಡೊರಾ ಎಂಬವಳನ್ನು ತಂದು, ಅವಳು ಮನೆಯಲ್ಲಿ ಯಾರ ಜೊತೆ ಬಾಳುತ್ತಾಳೆ ಎನ್ನುವುದನ್ನು ಮಾತ್ರ ಬಾಯಿಬಿಟ್ಟು ಹೇಳದೆ ಉಳಿಸಿದರು. ಇಂದಿನ ಸಲಿಂಗಿ ಲೇಖಕರು ಅವರನ್ನು ಹಿರಿಯಕ್ಕನಂತೆ ಕಾಣುವುದಕ್ಕೆ ಅಷ್ಟು ಸಾಕಾಯಿತು.

ಇದೇ ನೆಲದಲ್ಲಿ ಬೇರೆ ಬಗೆಯ ದೆವ್ವಗಳೂ ಹುಟ್ಟಿವೆ. ಆ್ಯನ್ ರೈಸ್ ಇಲ್ಲಿದ್ದಾಗ, ಐದು ವರ್ಷದ ಮಗಳನ್ನು ರಕ್ತದ ಕ್ಯಾನ್ಸರಿಗೆ ಕಳೆದುಕೊಂಡ ನಂತರ, ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ಬರೆದರು. 1976ರ ಆ ಕಾದಂಬರಿ ಶುರುವಾಗುವುದೇ ಸ್ಯಾನ್ ಫ್ರಾನ್ಸಿಸ್ಕೊದ ಡಿವಿಸಡೆರೊ ಬೀದಿಯ ಕೋಣೆಯಲ್ಲಿ. ಇಬ್ಬರು ಗಂಡು ರಕ್ತಪಿಪಾಸುಗಳು ಒಂದು ಹೆಣ್ಣುಮಗುವನ್ನು ಇಟ್ಟುಕೊಂಡು ಸಂಸಾರ ಹೂಡುವ ಕಥೆ ಅದು. 1991ರಲ್ಲಿ ಜುವೆಲ್ ಗೋಮೆಜ್ ‘ದಿ ಗಿಲ್ಡಾ ಸ್ಟೋರೀಸ್’ ಬರೆದರು. ಗುಲಾಮಗಿರಿಯಿಂದ ಓಡಿಬಂದ ಕಪ್ಪು ಹುಡುಗಿ ರಕ್ತ ಕುಡಿಯುವವಳಾಗಿ, ಹೆಂಗಸರನ್ನು ಪ್ರೀತಿಸಿ, ಇನ್ನೂರು ವರ್ಷ ಬಾಳುತ್ತಾಳೆ. ಒಂದು ಅಧ್ಯಾಯ ನಡೆಯುವುದು 1890ರ ಯೆರ್ಬಾ ಬ್ಯುಯೆನಾದಲ್ಲಿ, ಅದು ಸ್ಯಾನ್ ಫ್ರಾನ್ಸಿಸ್ಕೊದ ಹಳೆಯ ಹೆಸರು. ರಕ್ತಕ್ಕಾಗಿ ಅವಳು ಯಾರನ್ನೂ ಕೊಲ್ಲುವುದಿಲ್ಲ. ಎಷ್ಟು ಬೇಕೋ ಅಷ್ಟೇ ತೆಗೆದುಕೊಂಡು, ಬದಲಿಗೆ ಆ ಮನುಷ್ಯನ ಮನಸ್ಸಿಗೆ ಬೇಕಾದ ಒಂದು ಕನಸನ್ನು ಇಟ್ಟುಹೋಗುತ್ತಾಳೆ. ಊರಿನಿಂದ ಹೊರಗೆ ಹಾಕಿಸಿಕೊಂಡವರು ತಾವೇ ಒಂದು ಕುಟುಂಬ ಕಟ್ಟಿಕೊಳ್ಳುವ ಕಥೆಗಳಿವು. ಹೆಚ್ಚು ಹೇಳಬೇಕೆನಿಸಿದರೂ ಇವತ್ತಿನ ವಿಷಯ ಹೊರಗೆ ಹಾಕುವ ಊರಿನದು.

ಅಂಥ ಒಂದು ಊರು ಇಲ್ಲಿಂದಲೇ ಎದ್ದು ಹೋಯಿತು. ಜಿಮ್ ಜೋನ್ಸ್ ಎಂಬ ಬೋಧಕ 1965ರಲ್ಲಿ ಇಂಡಿಯಾನಾದಿಂದ ಹೊರಟು, ಅಣುಬಾಂಬು ಬಿದ್ದರೂ ಸುರಕ್ಷಿತ ಎಂದು ನಂಬಿ, ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ದ್ರಾಕ್ಷಿತೋಟಗಳ ನಡುವಿನ ರೆಡ್‌ವುಡ್ ವ್ಯಾಲಿಗೆ ಬಂದ. ‘ಪೀಪಲ್ಸ್ ಟೆಂಪಲ್’ ಅವನ ಪಂಥ. ಕರಿಯರು ಬಿಳಿಯರು ಒಂದೇ ಪಂಕ್ತಿಯಲ್ಲಿ ಕೂರುವ ಚರ್ಚು ಎಂದು ಒಳ್ಳೆಯವರೇ ಅಲ್ಲಿಗೆ ಹೋದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಗೇರಿ ರಸ್ತೆಗೂ ಬಂದರು. 1976ರಲ್ಲಿ ಮೇಯರ್ ಮಾಸ್ಕೊನಿ ಅವನನ್ನು ನಗರದ ವಸತಿ ಮಂಡಳಿಗೆ ನೇಮಿಸಿದರು. ಸಲಿಂಗಿಗಳ ನಾಯಕ ಹಾರ್ವೆ ಮಿಲ್ಕ್ ಕೂಡ ಅವನ ವೇದಿಕೆಯಲ್ಲಿ ಮಾತಾಡಿದರು, ಅವನ ಪರವಾಗಿ ಅಧ್ಯಕ್ಷ ಕಾರ್ಟರ್ ಅವರಿಗೆ ಕಾಗದ ಬರೆದರು. ಒಳಗೆ ನಡೆಯುತ್ತಿದ್ದದ್ದು ಬೇರೆ. ಅನುಯಾಯಿಗಳು ಎಲ್ಲರೆದುರು ಎದ್ದುನಿಂತು ತಾವು ಸಲಿಂಗಿಗಳು ಎಂದು ಒಪ್ಪಿಕೊಳ್ಳಬೇಕು, ಆಗಿರಲಿ ಬಿಡಲಿ. ತಾನೊಬ್ಬನೇ ಅದಲ್ಲದವನು ಎಂದು ಜೋನ್ಸ್ ಹೇಳಿಕೊಳ್ಳುತ್ತಿದ್ದ. ಹೇಳುತ್ತಲೇ ಗಂಡಸರನ್ನೂ ಹೆಂಗಸರನ್ನೂ ಬಳಸಿಕೊಳ್ಳುತ್ತಿದ್ದ. ಒಬ್ಬನ ನಾಚಿಕೆ ಯಾವುದೆಂದು ಗೊತ್ತಾದರೆ ಅವನ ಮೂಗುದಾರ ಕೈಗೆ ಸಿಕ್ಕಿದ ಹಾಗೆ.

1978ರ ನವೆಂಬರ್ 18ರಂದು ಆ ಪಂಥ ಗಯಾನಾದ ಕಾಡಿಗೆ ಹೋಗಿ ಕಟ್ಟಿದ ಜೋನ್ಸ್‌ಟೌನಿನಲ್ಲಿ, ಸುತ್ತಲ ಸಾವುಗಳೂ ಸೇರಿ, 918 ಮಂದಿ ಸತ್ತರು. ಬಹುಪಾಲು ವಿಷದಿಂದ, ಮಕ್ಕಳಿಗೆ ಮೊದಲು ಕೊಟ್ಟರು. ವಿಚಾರಿಸಲು ಹೋಗಿದ್ದ ಸ್ಯಾನ್ ಮಟೇಯೊದ ಸಂಸತ್ ಸದಸ್ಯ ಲಿಯೊ ರಯಾನ್ ಅವರನ್ನು ವಿಮಾನದ ಬಳಿಯೇ ಗುಂಡಿಟ್ಟು ಕೊಂದರು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಇಲ್ಲಿ ನಗರಸಭೆಯ ಕಟ್ಟಡದೊಳಗೆ ಮಾಸ್ಕೊನಿ, ಮಿಲ್ಕ್ ಇಬ್ಬರನ್ನೂ ಇನ್ನೊಬ್ಬ ಕೊಂದ. ಅದರ ಕಾರಣ ಬೇರೆ, ಶೋಕ ಮಾತ್ರ ಒಂದರ ಮೇಲೊಂದು ಬಿತ್ತು. ಯಾರೂ ಬಂದು ಒಯ್ಯದ ನಾನೂರಕ್ಕೂ ಹೆಚ್ಚು ದೇಹಗಳು ಓಕ್ಲೆಂಡಿನ ಎವರ್‌ಗ್ರೀನ್ ಸ್ಮಶಾನದಲ್ಲಿ ಒಟ್ಟಿಗೆ ಇವೆ. ಗೇರಿ ರಸ್ತೆಯ ಆ ಕಟ್ಟಡ ಇದ್ದ ಜಾಗದಲ್ಲಿ ಈಗ ಅಂಚೆ ಕಚೇರಿ. ಪಂಥದ ಊರಿನ ಬಗ್ಗೆ ಭಯಾನಕ ಕಥೆ ಬರೆಯುವ ಯಾರಿಗೇ ಆಗಲಿ ಈ ಲೆಕ್ಕ ಬೆನ್ನ ಹಿಂದೆ ಇದ್ದೇ ಇರುತ್ತದೆ.

ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಜೊತೆ ಇದೆಯೇ? ಅರ್ಧ ಇದೆ ಎನ್ನುವುದು ನನ್ನ ಅಭಿಪ್ರಾಯ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ನಮಗೆ ಧರ್ಮಸೂಕ್ಷ್ಮದ ಕಾದಂಬರಿ ಎಂದು ಪಾಠ ಮಾಡಿದರು. ಒಮ್ಮೆ ದೀಪ ಸಣ್ಣ ಮಾಡಿಕೊಂಡು ಓದಿ ನೋಡಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ. ಸಂಸ್ಕಾರ ಯಾರು ಮಾಡಬೇಕು ಎಂದು ಚರ್ಚೆ. ಅಲ್ಲಿಯವರೆಗೆ ಯಾರೂ ಉಣ್ಣುವಂತಿಲ್ಲ. ಇಲಿಗಳು ಹೊರಗೆ ಬಂದು ಗಿರಗಿರನೆ ಸುತ್ತಿ ಸಾಯುತ್ತವೆ. ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಜಾಗಟೆ ಬಡಿದು, ಶಂಖ ಊದಿ ಓಡಿಸುತ್ತಾರೆ. ದೇವರ ಪೂಜೆಯ ಸದ್ದಿನಲ್ಲಿ ಹದ್ದು ಓಡಿಸುವುದು! ಇದಕ್ಕಿಂತ ಭಯಾನಕವಾದ ಸಾಲುಗಳು ಕನ್ನಡದಲ್ಲಿ ಹೆಚ್ಚಿಲ್ಲ. ಇನ್ನು ಅನಂತಮೂರ್ತಿಯವರದೇ ಕಥೆ ‘ಘಟಶ್ರಾದ್ಧ’, 1977ರಲ್ಲಿ ಕಾಸರವಳ್ಳಿಯವರು ಚಿತ್ರ ಮಾಡಿದ್ದು: ಬಸುರಾದ ವಿಧವೆ ಯಮುನಕ್ಕ ಬದುಕಿರುವಾಗಲೇ, ಹೆತ್ತ ತಂದೆ ಮಡಕೆ ಒಡೆದು ಅವಳ ಶ್ರಾದ್ಧ ಮುಗಿಸುತ್ತಾರೆ. ಮಂತ್ರ ತಪ್ಪಿಲ್ಲ, ಕ್ರಮ ತಪ್ಪಿಲ್ಲ.

ಅರ್ಧ ಎಂದೆನಲ್ಲ, ಏಕೆಂದರೆ ನಾರಣಪ್ಪ ಪುಸ್ತಕ ಶುರುವಾಗುವ ಹೊತ್ತಿಗೆ ಸತ್ತಿರುತ್ತಾನೆ. ಯಮುನಕ್ಕನನ್ನು ನಾವು ನಾಣಿ ಎಂಬ ಹುಡುಗನ ಕಣ್ಣಿನಿಂದ ನೋಡುತ್ತೇವೆ. ಊರು ಯಾರನ್ನು ಹೊರಗೆ ಹಾಕಿತೋ ಅವರ ಬಾಯಲ್ಲಿ ಕಥೆ ಬರುವುದಿಲ್ಲ. ಆ ಬಾಯಿಯ ಕೆಲಸವನ್ನು 2013ರಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಮಾಡಿತು. ಸಲಿಂಗಿಯೊಬ್ಬನ ಬದುಕನ್ನು ಒಳಗಿನಿಂದ, ಮುಚ್ಚುಮರೆ ಇಲ್ಲದೆ ಕನ್ನಡದಲ್ಲಿ ಹೇಳಿತು. ಆದರೆ ಅದು ವಾಸ್ತವದ ದಾರಿ ಹಿಡಿದ ಪುಸ್ತಕ. ಅಗ್ರಹಾರದ ಆ ಹದ್ದುಗಳೂ ಮೋಹನಸ್ವಾಮಿಯೂ ಒಂದೇ ಪುಟದಲ್ಲಿ ಎದುರಾಗುವ ಕಥೆಯನ್ನು ನಾನು ಇನ್ನೂ ಕಾಯುತ್ತಿದ್ದೇನೆ.

ಸಾಮಗ್ರಿಗೆ ಬರವಿಲ್ಲ. ಕ್ಯಾಲಿಫೋರ್ನಿಯಾ 2012ರಲ್ಲಿ, ಈ ದೇಶದಲ್ಲೇ ಮೊದಲಿಗೆ, ಹದಿನೆಂಟು ತುಂಬದವರಿಗೆ ಇಂಥ ‘ಪರಿವರ್ತನಾ ಚಿಕಿತ್ಸೆ’ ಕೊಡಬಾರದೆಂದು ಕಾನೂನು ಮಾಡಿತು. ಅದು ತಡೆಯಲು ಹೊರಟದ್ದು ಪರವಾನಗಿ ಪಡೆದ ಚಿಕಿತ್ಸಕರನ್ನು, ಪಾದ್ರಿಯನ್ನಲ್ಲ. ಭಾರತದಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಬೆನ್ನಿಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ದುರ್ವರ್ತನೆ ಎಂದು ಸಾರಿತು. ಅಲ್ಲೂ ತಡೆ ಇರುವುದು ವೈದ್ಯರಿಗೆ, ಮಂತ್ರವಾದಿಗಲ್ಲ, ಜ್ಯೋತಿಷಿಗಲ್ಲ. ಈ ಎರಡು ಸಂದುಗಳ ನಡುವೆ ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟನ್ನು ಇಟ್ಟು ನೋಡಿ. ದಕ್ಷಿಣ ಏಷ್ಯಾದ ಸಲಿಂಗಿಗಳಿಗಾಗಿ ‘ತ್ರಿಕೋನ್’ ಎಂಬ ಸಂಘ 1986ರಲ್ಲೇ ಹುಟ್ಟಿದ ಪ್ರದೇಶ ಇದು. ಆದರೂ ಮಗ ಹುಡುಗಿ ಬೇಡ ಎಂದ ರಾತ್ರಿ ತಾಯಿ ಮೊದಲು ಕರೆ ಮಾಡುವುದು ಊರಿಗೆ. ಜಾತಕ ವಾಟ್ಸ್ಆ್ಯಪಿನಲ್ಲಿ ಹೋಗುತ್ತದೆ. ಶುಕ್ರ ಸರಿಯಿಲ್ಲ, ಸರ್ಪದೋಷ ಇದೆ ಎಂದು ಉತ್ತರ ಬರುತ್ತದೆ. ಹೋಮ ಅಲ್ಲಿ, ವಿಡಿಯೊ ಇಲ್ಲಿ. ಹುಡುಗ ಆಫೀಸಿನ ಲ್ಯಾಪ್‌ಟಾಪು ಮುಚ್ಚಿ, ಸೋಫಾದ ಮೇಲೆ ಪೂರ್ವಕ್ಕೆ ಮುಖಮಾಡಿ ಕೂರುತ್ತಾನೆ. ಮದುವೆಯೊಂದು ಆಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಆ ಕಡೆಯಿಂದ ಹೇಳುತ್ತಾರೆ. ಮುಂದೆ ಆ ಮನೆಗೆ ಬರುವ ಹುಡುಗಿಯ ಜಾತಕವನ್ನು ಮಾತ್ರ ಯಾರೂ ಈ ದೃಷ್ಟಿಯಿಂದ ನೋಡುವುದಿಲ್ಲ.

ಇದನ್ನು ಬರೆಯಹೊರಟ ಕಿರಿಯರಿಗೆ ಒಂದೇ ಕೋರಿಕೆ. ಆ ಜ್ಯೋತಿಷಿಯನ್ನು ಕೆಂಗಣ್ಣಿನ ಖಳನಾಗಿ ಮಾಡಬೇಡಿ. ಅವರು ಸಂಭಾವನೆ ಕೂಡ ಬೇಡವೆನ್ನಲಿ, ಹುಡುಗನನ್ನು ‘ಏನಪ್ಪಾ, ಊಟ ಆಯ್ತಾ?’ ಎಂದು ಕೇಳಲಿ. ರಾಜ್ಯೋತ್ಸವಕ್ಕೆ ಹಾಡು ಕಲಿಸುವವರು, ಗಣೇಶನ ಹಬ್ಬಕ್ಕೆ ನೂರು ಜನರ ಬಿಸಿಬೇಳೆಬಾತು ನಿಂತು ಮಾಡಿಸುವವರು, ಎಲ್ಲರೂ ಆ ಕೋಣೆಯಲ್ಲಿರಲಿ. ಎಲ್ಲರೂ ಹುಡುಗನ ಒಳ್ಳೆಯದಕ್ಕೇ ಬಂದಿರಲಿ. ಮತ್ತು ಕಥೆಯನ್ನು ಹುಡುಗನೇ ಹೇಳಲಿ, ಹೋಮ ಮುಗಿದ ಮೇಲೆ, ಮೈಮೇಲೆ ಏನು ಬಂತು, ಯಾರು ತಂದರು ಎನ್ನುವುದನ್ನು ಹೆಸರು ಹಿಡಿದು.